ಮಾಮಾನ ಠೇಲಾ ಲೈನು

ತಂಗಿಯ ಮಗನ ಅಡುಗೆಮನೆಯ ಮಾಳಿಗೆಗೇ ಕೈಹಾಕುವ ಸೋದರಮಾವ ಜಗತ್ತಿನಲ್ಲಿ ಒಬ್ಬರೇ ಇರಬಹುದು. ಆ ಒಬ್ಬರು ನನ್ನ ಪಾಲಿಗೇ ಬರಬೇಕೆ? ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ!

ಜೇವರ್ಗಿ ಕಡೆಯ ಒಂದು ಫರಸಿ ಕಲ್ಲಿನ ಖಣಿಯಲ್ಲಿ ಮಾಮಾ ಹರೆಯದಲ್ಲಿ ಹಾಜರಿ ಬರೆಯುವ ಮುನ್ಶಿಯಾಗಿದ್ದರು. ಖಣಿಯಿಂದ ರಸ್ತೆಯವರೆಗೆ ಎರಡು ಫರ್ಲಾಂಗು ಪುಟ್ಟ ಹಳಿ. ಕಲ್ಲು ಹೇರಿದ ಕಬ್ಬಿಣದ ಗಾಡಿಯನ್ನು ಅದರ ಮೇಲೆ ಹೆಣ್ಣಾಳುಗಳು ದೂಡುತ್ತಿದ್ದರು. ಎಂಜಿನ್ನಿಲ್ಲ, ಸೀಟಿಯಿಲ್ಲ. ಊರವರ ಬಾಯಲ್ಲಿ ಅದು 'ಠೇಲಾ ಲೈನು'. ಖಣಿ ಮುಚ್ಚಿದಾಗ ಹಳಿಗಳನ್ನು ತುಂಡು ತುಂಡಾಗಿ ಮಾರಿದರು; ಕೊಂಡವರು ತೊಲೆಗೋ ಗೂಟಕ್ಕೋ ಬಳಸಿಕೊಂಡರು. ಈಗ ಎಪ್ಪತ್ತು ದಾಟಿದ ಮಾಮಾನಿಗೆ ಅದನ್ನು ಮತ್ತೆ ಓಡಿಸುವ ಹುಚ್ಚು. ಯಾಕೆ ಎಂದರೆ "ಓಡಬೇಕು" ಎನ್ನುತ್ತಾರೆ, ಅಷ್ಟೇ. ಇದೂ ಒಂದು ಉತ್ತರವೇ?

ನೆರವು ಕೇಳಿ ಸರ್ಕಾರಿ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟರು: 'ಠೇಲಾ ಲೈನು ಮತ್ತೆ ಶುರು ಮಾಡುವ ಬಗ್ಗೆ'. ನಮ್ಮ ಕಡೆ ಠೇಲಾ ಎಂದರೆ ಬಜಾರದಲ್ಲಿ ಬಾಳೆಹಣ್ಣು ಮಾರುವ ತಳ್ಳುಗಾಡಿಯೂ ಹೌದಲ್ಲ! ಮಾಮಾನಿಗೆ ಬೀದಿಬದಿ ವ್ಯಾಪಾರಿಯ ಗುರುತಿನ ಚೀಟಿ ಬಂತು, ಫೋಟೊ ಸಮೇತ. ಹೋಗಿ ಮೇಜಿನ ಮೇಲೆ ಬಿಸಾಕಿದರೆ ಗುಮಾಸ್ತ ಸಮಾಧಾನ ಹೇಳಿದನಂತೆ: "ಲೈನಿನ್ಯಾಗ ಜಾಗಾ ಸಿಗ್ತದ್ರಿ, ಯಾಕ ಗಡಿಬಿಡಿ ಮಾಡ್ತೀರಿ? ಏನ್ ಮಾರೋರಿದ್ದೀರಿ, ಅಷ್ಟ ಹೇಳ್ರಿ."

ಆಮೇಲೆ ಹಳಿಯ ಬೇಟೆ. ಅಫಜಲಪುರದ ಒಬ್ಬರ ಬಾವಿಯ ತೊಲೆ ಕಿತ್ತು ತಂದರು. ಬೀಗರ ಮನೆಯಲ್ಲಿ ಎಮ್ಮೆ ಕಟ್ಟುವ ಗೂಟವನ್ನು ಎಮ್ಮೆ ಸಮೇತ ಅಲುಗಾಡಿಸುವಾಗ ಸಿಕ್ಕಿಬಿದ್ದು ನಮ್ಮೆಲ್ಲರ ಮರ್ಯಾದೆ ಕಳೆದರು. ಅಂತೂ ನಲವತ್ತು ಹೆಜ್ಜೆ ಲೈನು ಕೂಡಿತು, ಒಂದೇ ಒಂದು ಹಳಿ ಕಡಿಮೆ. ಅದು ಆಳಂದದಲ್ಲಿ ನನ್ನ ಅಡುಗೆಮನೆಯ ಮಾಳಿಗೆಯನ್ನು ಹೊತ್ತು ನಿಂತಿತ್ತು!

"ಮಾಮಾ, ಅದನ್ನ ತಗದ್ರ ಮಾಳಗಿ ನನ್ನ ತಲಿ ಮ್ಯಾಲ ಬೀಳ್ತದ."

"ಆ ಹೊತ್ತಿನ್ಯಾಗ ನೀ ಹೊರಗ ನಿಂದ್ರು."

ಎರಡು ತಿಂಗಳು ಜಗಳವಾಯಿತು. ಕೊನೆಗೆ ಗೌಂಡಿಯನ್ನು ಕರೆದುಕೊಂಡೇ ಬಂದು, ಹೊಸ ತೊಲೆ ಏರಿಸಿ, ಹಳೆಯದನ್ನು ಹೊತ್ತುಕೊಂಡು ನಡೆದರು. ನಮ್ಮ ಸಾರಿನ ಪಾತ್ರೆಯಲ್ಲಿ ಮಾಳಿಗೆಯ ಮಣ್ಣು ಉಳಿಯಿತು. ಗಾಡಿ ಓಡುವ ದಿನ ನಾಲ್ಕು ಮಾತು ಝಾಡಿಸಿಯೇ ಬರಬೇಕೆಂದು ನಾನೂ ಜೇವರ್ಗಿಯ ಬಸ್ಸು ಹತ್ತಿದೆ.

ಅಲ್ಲಿ ಪೂಜೆಯಿಲ್ಲ, ಭಾಷಣವಿಲ್ಲ. ಮಾಮಾ ಗಾಡಿಯ ಮೇಲೆ ಕೌದಿ ಹಾಸಿ, ತಮ್ಮ ಹೆಂಡತಿ, ನಮ್ಮ ಅತ್ತಿಯನ್ನು ಕೈಹಿಡಿದು ಕೂಡಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮತ್ತಿನೂ ಇದನ್ನ ದೂಡ್ತಿದ್ದಳು. ಏಳು ತಿಂಗಳ ಬಸುರಿ ಇದ್ದಾಗ ಖಾಲಿ ಗಾಡಿ ಮ್ಯಾಲ ಒಂದ ಘಳಿಗಿ ಕುಂತಳು. ಮಾಲಕ ನೋಡಾಕತ್ತಿದ್ದ. 'ಇಳಿ' ಅಂತ ಎಲ್ಲಾರ ಮುಂದ ಒದರಿದಾಂವ ನಾನ."

ನಾಲ್ಕು ಮಾತು ಝಾಡಿಸಲು ಬಂದ ನಾನು ಬಗ್ಗಿ ಕೌದಿಯ ಅಂಚಿನ ಧೂಳು ಝಾಡಿಸಿದೆ. ಕಣ್ಣು ತುಂಬಿದವು, ಸುಳ್ಳೇಕೆ ಹೇಳಲಿ.

ಮಾಮಾ ಬಗ್ಗಿ ದೂಡಿದರು. ಗಾಡಿ ಕಿರುಗುಟ್ಟುತ್ತ ನಲವತ್ತು ಹೆಜ್ಜೆ ಓಡಿ ಹಳಿಯ ತುದಿಯಲ್ಲಿ ನಿಂತಿತು. ಅತ್ತಿ ಸೆರಗು ಸರಿಮಾಡಿಕೊಂಡು ಕೇಳಿದರು: "ಇಳೀಲೇನ್ರಿ?"

"ಬ್ಯಾಡ, ಕುಂದ್ರು" ಎಂದ ಮಾಮಾ, ಏದುಸಿರು ಬಿಡುತ್ತಲೇ ಗಾಡಿಯ ಮುಂದಕ್ಕೆ ಬಂದು, ಅದನ್ನು ಹಿಂದಕ್ಕೆ ದೂಡತೊಡಗಿದರು.