ಅಂಗಳದ ಬಿಸಿಲಿಗಾಗಿ ಗಂಗಾಂಬಿಕೆಯು ಲೈಸೆನ್ಸ್ ಗೆದ್ದ ಪ್ರಸಂಗ

ಮೊದಲು ವಿಘ್ನರಾಜನಿಗೆ ವಂದನೆ. ಇಲಿಯನ್ನೇರಿ ಮೂರು ಲೋಕ ಸುತ್ತಿದರೂ ಅವನನ್ನು ತಡೆದು ಲೈಸೆನ್ಸ್ ಕೇಳಿದವರಿಲ್ಲ. ಬಳಿಕ ಹಂಸವಾಹನೆಯಾದ ಶಾರದೆಗೆ ವಂದನೆ. ಆಕೆ ಕೃಪೆಮಾಡಿ ಈ ಬಡ ಕಥೆಗಾರನ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ತನ್ನ ವಾಹನವನ್ನು ಪಾರ್ಕ್ ಮಾಡಲಿ. ಕೃತ ತ್ರೇತ ದ್ವಾಪರಗಳೆಂಬ ಮೂರು ಯುಗಗಳು ಉರುಳಿಹೋಗಿ, ಅಶ್ವಗಳು ಲಾಯವನ್ನು ಬಿಟ್ಟು ಬಾನೆಟ್ಟಿನೊಳಗೆ ಸೇರಿಕೊಂಡು, ಸಾರಥಿಯಾಗಬಯಸುವವನು ಮೊದಲು ಕಣ್ಣು ತೋರಿಸಿ ಫೋಟೋ ತೆಗೆಸಿಕೊಳ್ಳಬೇಕಾದ ಈ ಕಲಿಯುಗದಲ್ಲಿ ನಡೆದ ಮಹಾಸಮರವೊಂದನ್ನು ಹೇಳುತ್ತೇನೆ. ಸಜ್ಜನರೇ, ಮೊಬೈಲನ್ನು ಪಕ್ಕಕ್ಕಿಟ್ಟು ಕೇಳಿರಿ.

ಧಾರವಾಡ ಸೀಮೆಯ ಹೊಸಗೇರಿಯೆಂಬ ಪೇಟೆಯಲ್ಲಿ, ಒಂದು ಹಂಚಿನ ಮನೆಯಲ್ಲಿ, ಜಡೆದ್ವಯಾಲಂಕೃತೆಯೂ, ಪಿಯುಸಿ-ಪರೀಕ್ಷಾ-ಸಾಗರೋತ್ತೀರ್ಣೆಯೂ, ಮಿರ್ಚಿಭಜಿ-ಭಕ್ಷಣ-ಧುರಂಧರೆಯೂ ಆದ ಗಂಗಾಂಬಿಕೆಯೆಂಬ ವೀರಕನ್ಯೆಯಿದ್ದಳು. ಹದಿನೆಂಟು ತುಂಬಿದ್ದು ಈ ವರ್ಷದ ಯುಗಾದಿಗೆ. ಮನೆಯವರ ಬಾಯಲ್ಲಿ ಆಕೆ ಬರೀ ಗಂಗಿ.

ಹಿಂದಿನ ಕಾಲದ ಅರಸರು ನೆಲಕ್ಕಾಗಿ ಕಾದಿದರು, ಹೆಣ್ಣಿಗಾಗಿ ಕಾದಿದರು, ಹೊನ್ನಿಗಾಗಿ ಕಾದಿದರು. ನಮ್ಮ ಗಂಗಾಂಬಿಕೆ ಕಾದಿದ್ದು ಬಿಸಿಲಿಗಾಗಿ. ಆ ಮನೆಯ ಅಂಗಳ ಬಲು ಇಕ್ಕಟ್ಟು. ಒಂದು ಕಡೆ ಪಕ್ಕದವರ ಮೂರಂತಸ್ತಿನ ಕಟ್ಟಡ, ಇನ್ನೊಂದು ಕಡೆ ಬೇವಿನ ಮರ. ನಡುವೆ ಒಂದು ಹಾಸಿಗೆಯಷ್ಟು ಜಾಗದಲ್ಲಿ ಮಾತ್ರ ಸೂರ್ಯದೇವ ಮನಸ್ಸು ಬಿಚ್ಚಿ ಸುಡುತ್ತಿದ್ದ. ಆ ಜಾಗ ಸಂಡಿಗೆ-ಸಾಮ್ರಾಜ್ಯ-ಸಾರ್ವಭೌಮಳಾದ ಫಕೀರವ್ವಜ್ಜಿಯದು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಒದ್ದೆ ಪಂಜೆ ಹಾಸಿ ಅಜ್ಜಿ ಅಕ್ಕಿ ಸಂಡಿಗೆ ಇಡುತ್ತಿದ್ದಳು, ಅದನ್ನು ಇಡೀ ಓಣಿ ವರ್ಷವಿಡೀ ತಿನ್ನುತ್ತಿತ್ತು.

ಹೀಗಿರಲು, ಕಳೆದ ದೀಪಾವಳಿಗೆ ಗಂಗಿಯ ಕಾಕಾ ವಿರೂಪಾಕ್ಷಪ್ಪ ಒಂದು ಬಿಳಿಯ ಕಾರನ್ನು ತಂದು ಸರಿಯಾಗಿ ಆ ಬಿಸಿಲಿನ ಮೇಲೆಯೇ ನಿಲ್ಲಿಸಿದ. ನಿಲ್ಲಿಸಿದ್ದೇ ಬಂತು. ಅಮಾವಾಸ್ಯೆಗೊಮ್ಮೆ ಗಾಲಿಯಡಿ ನಿಂಬೆಹಣ್ಣಿಟ್ಟು, ಹಣ್ಣು ಅಪ್ಪಚ್ಚಿಯಾಗುವಷ್ಟು ಮುಂದಕ್ಕೆ ಓಡಿಸಿ, ಅಷ್ಟೇ ಹಿಂದಕ್ಕೆ ತಂದು, ಪೇಂಟು ಮಾಸೀತೆಂದು ಮುಸುಕು ಹಾಕಿಬಿಡುತ್ತಿದ್ದ. ಅದು ಆ ರಥದ ಸಮಸ್ತ ದಿಗ್ವಿಜಯ.

ಈ ಬೇಸಿಗೆಯಲ್ಲಿ ಅಜ್ಜಿ ನೆರಳಲ್ಲೇ ಸಂಡಿಗೆ ಇಟ್ಟಳು. ಒಣಗಲಿಲ್ಲ, ಹುಳಿ ವಾಸನೆ ಹೊಡೆಯಿತು, ಎಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಯಿತು. ಅಜ್ಜಿ ಪಂಜೆಯನ್ನು ತೊಳೆದು ಮಡಿಸಿ ಟ್ರಂಕಿನಲ್ಲಿಟ್ಟಳು. ಗಂಗಿ ಅದನ್ನು ಕಂಡಳು. ಅಜ್ಜಿ ಅತ್ತಿದ್ದರೂ ಆಕೆಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಕಾಕಾ, ಗಾಡಿ ಒಂಚೂರು ಬೇವಿನ ಗಿಡದ ಕಡಿ ಸರಸ್ರಿ," ಎಂದಳು.

"ನಾಳಿ ನೋಡೋಣು," ಎಂದ ವಿರೂಪಾಕ್ಷಪ್ಪ. ಮರುದಿನವೂ ಅದನ್ನೇ ಅಂದ.

"ಹಂಗಾರ ಕೀಲಿ ಕೊಡ್ರಿ, ನಾನ ಸರಸ್ತೀನಿ."

ಉಡಿದಾರಕ್ಕೆ ಕಟ್ಟಿಕೊಂಡಿದ್ದ ಕೀಲಿಯನ್ನು ಕಾಕಾ ಅಂಗೈಯಿಂದ ಮುಚ್ಚಿಕೊಂಡ. "ಲೈಸೆನ್ಸ್ ಇಲ್ದವ್ರ ಕೈಯಾಗ ನಾ ಕೀಲಿ ಕೊಡಾಂವಲ್ಲ. ಮೊದ್ಲ ಲೈಸೆನ್ಸ್ ತಗೊಂಡು ಬಾ, ಆಮ್ಯಾಲ ಕೇಳು. ಸೈಕಲ್ ಮ್ಯಾಲಿಂದ ಗಟಾರದಾಗ ಬಿದ್ದಾಕಿ ನೀನು!"

ಆಗ ಆ ವೀರಕನ್ಯೆ ರೋಷಾರುಣನೇತ್ರೆಯಾಗಿ, ಜಡೆಗಳೆರಡನ್ನೂ ಹಿಂದಕ್ಕೆ ಒಗೆದು, ಪಡಸಾಲೆಯ ಕಂಬಗಳು ನಡುಗುವಂತೆ ಗರ್ಜಿಸಿದಳು: "ಕೇಳೆಲೈ, ಕೀಲೀ-ಕಟಿಸೂತ್ರ-ಶೋಭಿತನೇ! ಶಕಟ-ಸಂಚಾಲನ-ವಿದ್ಯೆಯನ್ನು ಸಾಧಿಸಿ, ಸರ್ಕಾರದ ಮುದ್ರೆಯನ್ನು ಪಡೆದು, ನಿನ್ನ ಸೊಂಟದಿಂದ ಆ ಕೀಲಿಯನ್ನು ನೀನೇ ಬಿಚ್ಚಿಕೊಡುವಂತೆ ಮಾಡದಿದ್ದರೆ ನಾನು ಫಕೀರವ್ವನ ಮೊಮ್ಮಗಳೇ ಅಲ್ಲ! ಅಲ್ಲಿಯತನಕ ತೈಲಪಕ್ವವಾದ, ಕಡಲೆಹಿಟ್ಟಿನ ಕವಚ ತೊಟ್ಟ, ಆ ಹಸಿರು ಮೆಣಸಿನಕಾಯಿ ನನಗೆ ವಿಷ ಸಮಾನ!"

ಹೀಗೆಂದು ನಾವು ಕವಿಗಳು ಹೇಳುತ್ತೇವೆ. ಅಡುಗೆಮನೆಗೆ ಕೇಳಿಸಿದ್ದು ಇಷ್ಟೇ: "ಲೈಸೆನ್ಸ್ ಬರೂತನಾ ನಾ ಮಿರ್ಚಿ ಮುಟ್ಟಿದ್ರ ಕೇಳ್ರಿ!"

ಮಿರ್ಚಿ ಬಿಡುವುದೆಂದರೆ ನಮ್ಮ ಕಡೆಯಲ್ಲಿ ಅರ್ಧ ಸನ್ಯಾಸ ತಗೊಂಡಂತೆಯೇ. ಮನೆಯವರು ಗಾಬರಿಯಾದರು.

ಮರುದಿನವೇ ಆಕೆ ಡ್ರೈವಿಂಗ್ ಸ್ಕೂಲಿನ ದಾವಲಸಾಬನ ಪಾದಕ್ಕೆ ಬಿದ್ದಳು. ರಸ್ತೆ ಚಿಹ್ನೆಗಳನ್ನು ಬಾಯಿಪಾಠ ಮಾಡಿ ಕಂಪ್ಯೂಟರಿನೆದುರು ಕುಳಿತು ಕಲಿಯುವವರ ಲೈಸೆನ್ಸನ್ನು ಸುಲಭವಾಗಿ ಗೆದ್ದಳು. ಬಳಿಕ ಬೆನ್ನಿಗೂ ಎದೆಗೂ ಕೆಂಪು 'ಎಲ್' ಧರಿಸಿದ ಆ ಶಾಲೆಯ ಹಳೆಯ ಕಾರಿನಲ್ಲಿ ತಪಸ್ಸು ಶುರುವಾಯಿತು. ದಾವಲಸಾಬ ಸಾಮಾನ್ಯ ಗುರುವಲ್ಲ. ಅವನ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಬಾಯಲ್ಲಿ ಎಲೆ ಅಡಿಕೆ ಮೆಲ್ಲುತ್ತ, ಕಿಟಕಿಯ ಹೊರಗೆ ಪರಿಚಯದವರಿಗೆಲ್ಲ ಸಲಾಮು ಹೊಡೆಯುತ್ತ, ಕಾಲಲ್ಲಿ ಮಾತ್ರ ಶಿಷ್ಯರ ತಪ್ಪುಗಳನ್ನೆಲ್ಲ ಸದ್ದಿಲ್ಲದೆ ತಿದ್ದುತ್ತಿದ್ದ. ಗಾಡಿ ಒಮ್ಮೆಯೂ ಜಗ್ಗುತ್ತಿರಲಿಲ್ಲ, ಬಂದ್ ಬೀಳುತ್ತಿರಲಿಲ್ಲ. ಇದೆಲ್ಲ ತನ್ನ ಪ್ರತಾಪವೆಂದು ನಮ್ಮ ನಾಯಕಿ ನಂಬಿದಳು. ಹದಿನೆಂಟರ ವಯಸ್ಸಿನಲ್ಲಿ ಅದನ್ನು ನಂಬದವರು ಯಾರು?

ಗುರು ಇನ್ನೊಂದು ಧರ್ಮವನ್ನೂ ಕಲಿಸಿದ. ದಾರಿಯಲ್ಲಿ ಹನುಮಪ್ಪನ ಗುಡಿ ಬರಲಿ, ದರ್ಗಾದ ಕಟ್ಟೆ ಬರಲಿ, ವೇಗ ಇಳಿಸಿ, ಒಮ್ಮೆ ಹಾರ್ನ್ ಹೊಡೆದು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. "ದೇವ್ರು ಯಾರಾರ ಇರ್ಲವಾ," ಎನ್ನುತ್ತಿದ್ದ ದಾವಲಸಾಬ, "ದಾಟೂಮುಂದ ಕೈ ಮುಗದ ದಾಟಬೇಕು. ನಮ್ಮ ಬ್ರೇಕಿನ ಮ್ಯಾಲ ನಮಗs ನಂಬಿಕಿಲ್ಲ." ಗಂಗಿಯ ಕೈಗೆ ಇದು ಎಷ್ಟು ರೂಢಿಯಾಯಿತೆಂದರೆ, ಬಸ್ಸಿನಲ್ಲಿ ಕುಳಿತಾಗಲೂ ಗುಡಿ ಕಂಡರೆ ಮುಂದಿನ ಸೀಟನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಸಮರದ ದಿನ ಬಂತು. ಜಿಲ್ಲಾ ಪಟ್ಟಣದ ಪರೀಕ್ಷಾ ಮೈದಾನದಲ್ಲಿ, ಸುಣ್ಣದ ಪುಡಿಯಿಂದ ಬರೆದ ಎಂಟರಾಕಾರದ ಮಹಾವ್ಯೂಹ ಬಿಸಿಲಲ್ಲಿ ಬೆಳಗುತ್ತಿತ್ತು. ಅದರ ಅಂಚಿಗೆ ಕೆಂಪು-ಬಿಳಿ ಪ್ಲಾಸ್ಟಿಕ್ ಶಂಕುಗಳು ಅಂಗರಕ್ಷಕರಂತೆ ನಿಂತಿದ್ದವು. ಸಂತೆಯ ನೆವ ಹೇಳಿಕೊಂಡು ಬಂದಿದ್ದ ವಿರೂಪಾಕ್ಷಪ್ಪ ಗೋಡೆಯ ನೆರಳಲ್ಲಿ ನಿಂತು, ಸೋಲು ನೋಡಲು ಬಂದವನ ಸಮಾಧಾನದಲ್ಲಿ ಶೇಂಗಾ ಬಿಡಿಸುತ್ತಿದ್ದ. ಗಂಗಿ ರಥವನ್ನೇರಿದಳು. ಪಕ್ಕದಲ್ಲಿ ಗುರು ಆಸೀನನಾದ.

ಅಷ್ಟರಲ್ಲಿ ನೀಲಮಸಿ-ಲೇಖನೀ-ಪಾಣಿಯೂ, ಅರ್ಜಿ-ಅರಣ್ಯ-ಪಂಚಾನನನೂ ಆದ ಇನ್ಸ್‌ಪೆಕ್ಟರ್ ಸಾಹೇಬ ಬಂದು ಕಿಟಕಿಯಲ್ಲಿ ಬಗ್ಗಿದ.

"ಸಾಬ್ರ, ನೀವ ಇಳೀರಿ. ಇವತ್ತ ನಾನ ಕುಂದರ್ತೀನಿ."

ದಾವಲಸಾಬನ ಬಾಯೊಳಗಿನ ಎಲೆ ಅಡಿಕೆ ಅಲ್ಲೇ ನಿಂತಿತು. ಇಳಿಯುವಾಗ ಅವನು ಶಿಷ್ಯೆಯ ಮುಖ ನೋಡಲಿಲ್ಲ. ಸಾಹೇಬ ಆ ಸೀಟಿನಲ್ಲಿ ಕುಳಿತು ಎರಡೂ ಕಾಲನ್ನು ಮಡಿಸಿ ಹಿಂದಕ್ಕೆ ಎಳೆದುಕೊಂಡ.

ಗಂಗಿ ಗೇರು ಹಾಕಿ ಕ್ಲಚ್ ಬಿಟ್ಟಳು. ಗಾಡಿ ಕುದುರೆಮರಿಯ ಹಾಗೆ ಒಮ್ಮೆ ಜಿಗಿದು ಸತ್ತಿತು. ಮತ್ತೆ ಚಾಲೂ ಮಾಡಿದಳು, ಮತ್ತೆ ಸತ್ತಿತು. ಆ ಕ್ಷಣದಲ್ಲಿ ವೀರಕನ್ಯೆಗೆ ಜ್ಞಾನೋದಯವಾಯಿತು: ಇಷ್ಟು ದಿನ ಗಾಡಿ ಓಡಿಸಿದ್ದು ತಾನಲ್ಲ, ದಾವಲಸಾಬನ ಚಪ್ಪಲಿ. ಕಿವಿ ಬಿಸಿಯಾಯಿತು, ಬೆವರು ಕಣ್ಣಿಗಿಳಿಯಿತು, ಗೋಡೆಯ ಕಡೆಯಿಂದ ಶೇಂಗಾ ಸಿಪ್ಪೆಯೊಡನೆ ಒಂದು ನಗೆಯೂ ಉದುರಿತು.

"ಇದ ಕಡೀ ಸಲ ನೋಡವಾ," ಎಂದ ಸಾಹೇಬ. "ಇನ್ನೊಮ್ಮೆ ಬಂದ್ ಬಿತ್ತಂದ್ರ ಮುಂದಿನ ತಿಂಗಳ ಬಾ."

ಮುಂದಿನ ತಿಂಗಳು! ಮುಂದಿನ ತಿಂಗಳೆಂದರೆ ಮೋಡ, ಮುಂದಿನ ತಿಂಗಳೆಂದರೆ ಮಳೆ. ಅಜ್ಜಿಯ ಪಂಜೆ ಮುಂದಿನ ಬೇಸಿಗೆಯತನಕ ಟ್ರಂಕಿನಲ್ಲೇ ಉಳಿಯುತ್ತದೆ. ಆ ಬೇಸಿಗೆಗೆ ಅಜ್ಜಿಯ ಕೈಯಲ್ಲಿ ಶಕ್ತಿ ಇರುತ್ತದೋ ಇಲ್ಲವೋ ಯಾರು ಬಲ್ಲರು. ಗಂಗಿಗೆ ನಿಜವಾಗಿ ಅಳು ಬಂತು.

ಹಿಂದಿನ ವೀರರಿಗೆ ಇಂಥ ಹೊತ್ತಿನಲ್ಲಿ ಆಕಾಶವಾಣಿಯಾಗುತ್ತಿತ್ತು. ಗಂಗಿಗೆ ಕೇಳಿಸಿದ್ದು ಅಜ್ಜಿಯ ದನಿ. ಒಣಗಿದ ಸಂಡಿಗೆಯನ್ನು ಪಂಜೆಯಿಂದ ಬಿಡಿಸಲು ಕೂತಾಗಲೆಲ್ಲ ಅಜ್ಜಿ ಅನ್ನುತ್ತಿದ್ದ ಮಾತು ಅದು: "ಲಗುಬಗಿ ಮಾಡಬ್ಯಾಡವಾ, ಮುರೀತಾವು. ಬಿಟ್ಟೀನೋ ಇಲ್ಲೋ ಅನ್ನೂಹಂಗ ಬಿಡು." ಚಿಕ್ಕಂದಿನಿಂದ ಬೆರಳಿಗೆ ಗೊತ್ತಿದ್ದ ಆ ವಿದ್ಯೆಯನ್ನು ಗಂಗಿ ಮೊದಲ ಸಲ ಕಾಲಿಗೆ ಹೇಳಿಕೊಟ್ಟಳು. ಬಿಟ್ಟಳೋ ಇಲ್ಲವೋ ಅನ್ನುವಂತೆ ಎಡಗಾಲು ಎತ್ತಿದಳು. ಗಾಡಿ ಗೊರಗೊರ ಅಂದಿತು, ನಡುಗಿತು, ಆಮೇಲೆ ಮೆತ್ತಗೆ ಹೊರಟಿತು.

ಹೊರಟ ರಥ ವ್ಯೂಹದ ಮೊದಲ ಸುತ್ತನ್ನು ಭೇದಿಸಿತು, ಎರಡನೆಯದನ್ನೂ ಭೇದಿಸಿತು. ಒಂದು ಶಂಕುವೂ ಬೀಳಲಿಲ್ಲ. ಇನ್ನೇನು ಗೆರೆ ದಾಟಬೇಕು, ಅಷ್ಟರಲ್ಲಿ ಕಾಂಪೌಂಡಿನಾಚೆ ಅರಳೀಮರದ ಬುಡದಲ್ಲಿ ಸಿಂದೂರ ಬಳಿದುಕೊಂಡ ಹನುಮಪ್ಪ ಕಣ್ಣಿಗೆ ಬಿದ್ದ. ಗಂಗಿ ಯೋಚನೆ ಮಾಡಲಿಲ್ಲ. ಕೈ ತಾನೇ ಯೋಚನೆ ಮಾಡಿತು. ವೇಗ ಇಳಿಯಿತು, ಹಾರ್ನ್ ಮೊಳಗಿತು, ಎರಡೂ ಕೈ ಸ್ಟೇರಿಂಗ್ ಬಿಟ್ಟು ಕಣ್ಣಿಗೇರಿದವು. ದೂರದಲ್ಲಿ ದಾವಲಸಾಬ ತಲೆಯ ಮೇಲೆ ಕೈಹೊತ್ತು ಕೂತ. ಗಾಡಿ ತನ್ನಷ್ಟಕ್ಕೆ ತೆವಳಿ ಗೆರೆ ದಾಟಿತು, ಗಂಗಿ ಬೆಚ್ಚಿಬಿದ್ದು ಬ್ರೇಕ್ ಒತ್ತಿದಳು.

"ಸ್ಟೇರಿಂಗ್ ಯಾಕ ಬಿಟ್ಟಿ?" ಸಾಹೇಬನ ದನಿ ಗುಡುಗಿತು.

ಗಂಗಿ ಹೆದರುತ್ತ ಅವನ ಕಡೆ ತಿರುಗಿದಳು. ಸಾಹೇಬನ ಎರಡೂ ಕೈ ಇನ್ನೂ ಎದೆಯ ಮೇಲೆ ಜೋಡಿಸಿದಂತೆಯೇ ಇದ್ದವು, ಪೆನ್ನು ಕಾಲ ಬಳಿ ಬಿದ್ದಿತ್ತು.

"ನೀವ್ಯಾಕ ಪೆನ್ನ ಬಿಟ್ರಿ, ಸರ್?" ಎಂದಳು. ಕೇಳಬಾರದಾಗಿತ್ತು, ಬಾಯಿಗೆ ಬಂದುಬಿಟ್ಟಿತು.

ಸಾಹೇಬ ತನ್ನ ಕೈಗಳನ್ನು ನೋಡಿಕೊಂಡ. ಮೀಸೆಯ ಕೆಳಗೆ ನಗು ತಡೆಯಲಾಗಲಿಲ್ಲ. ಬಗ್ಗಿ ಪೆನ್ನು ಹೆಕ್ಕಿದ. "ರೋಡಿನ್ಯಾಗ ಹಿಂಗ ಮಾಡಿದ್ರ ಸೀದಾ ಆ ಹನುಮಪ್ಪನ ಹಂತ್ಯಾಕs ಹೋಗ್ತಿ. ಇನ್ಮ್ಯಾಲ ಮನಸಿನ್ಯಾಗ ಮುಗಿ. ನಿಮ್ಮ ಸಾಬಗೂ ಹೇಳು," ಎಂದು ಗೊಣಗುತ್ತ ಪಾಸು ಎಂದು ಬರೆದ. "ಕಾರ್ಡ್ ಟಪಾಲಿನ್ಯಾಗ ಬರ್ತೈತಿ."

ವಿರೂಪಾಕ್ಷಪ್ಪನ ಕೈಯಲ್ಲಿ ಶೇಂಗಾ ಮುಗಿದಿತ್ತು. ತುಸು ಹೊತ್ತು ಆಕಾಶ ನೋಡಿದ, ತುಸು ಹೊತ್ತು ನೆಲ ನೋಡಿದ. ಆದರೂ ಆಡಿದ ಮಾತಿಗೆ ತಪ್ಪುವ ಮನೆತನವಲ್ಲ ಅದು. ಅಂಗಿ ಎತ್ತಿ, ಉಡಿದಾರದ ಗಂಟನ್ನು ಕಷ್ಟಪಟ್ಟು ಬಿಚ್ಚಿ, ಕೀಲಿಯನ್ನು ಅಣ್ಣನ ಮಗಳ ಅಂಗೈಯಲ್ಲಿಟ್ಟ. "ಹುಷಾರಿಂದ ಸರಸವಾ," ಎಂದ ಮೆತ್ತಗೆ. ವಿಜೇತರೂ ಪರಾಜಿತರೂ ಒಂದೇ ಕೆಂಪು ಬಸ್ಸಿನಲ್ಲಿ ಒಂದೇ ಸೀಟು ಹಿಡಿದು ಊರಿಗೆ ಮರಳಿದರು. ಗಂಗಿಯ ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ಬಸ್ ಸ್ಟ್ಯಾಂಡಿನ ಬಿಸಿ ಮಿರ್ಚಿಯ ಪೊಟ್ಟಣ. ಅಜ್ಜಿಯ ಎದುರಿಗೇ ವ್ರತ ಮುರಿಯಬೇಕೆಂದು ಆಕೆ ದಾರಿಯುದ್ದಕ್ಕೂ ಬರೀ ವಾಸನೆ ಕುಡಿದಳು.

ನಡುಹಗಲಿಗೆ ಇಬ್ಬರೂ ಅಂಗಳಕ್ಕೆ ಕಾಲಿಟ್ಟು, ಅಲ್ಲೇ ನಿಂತರು.

ಕಾರಿನ ಮುಸುಕು ಮಡಿಸಿ ಕಟ್ಟೆಯ ಮೇಲಿತ್ತು. ಕಾರಿನ ಚಾವಣಿಯ ಮೇಲೆ, ಬಾನೆಟ್ಟಿನ ಮೇಲೆ, ಹಿಂದಿನ ಡಿಕ್ಕಿಯ ಮೇಲೆ ಒದ್ದೆ ಪಂಜೆಗಳು ಹಾಸಿದ್ದವು. ಅವುಗಳ ತುಂಬ ಬೆಳ್ಳಗೆ ಸಂಡಿಗೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೋಲು ಹಿಡಿದು ಫಕೀರವ್ವಜ್ಜಿ ರಾಣಿಯ ಹಾಗೆ ಕೂತಿದ್ದಳು.

"ಅವ್ವಾ, ಪೇಂಟು!" ಎಂದು ವಿರೂಪಾಕ್ಷಪ್ಪ ಚೀರಿದ.

"ಪೇಂಟ ಏನ ಉಣ್ಣಾಕ ಬರತೈತೇನು? ಸುಮ್ನ ಕುಂದ್ರು," ಎಂದಳು ಅಜ್ಜಿ. "ಮುಂಜಾನೆ ಮನ್ಯಾಗ ಯಾರೂ ಇರಲಿಲ್ಲ, ಮುಸುಕು ತಗದು ಇದರ ಮ್ಯಾಲ ಕೈ ಇಟ್ಟ ನೋಡಿದ್ನಿ. ತಗಡು ರೊಟ್ಟಿ ಹಂಚಿನಂಗ ಕಾದೈತಿ! ನೆಲದ ಮ್ಯಾಲ ಮೂರು ದಿನ ಹಿಡೀತಿತ್ತು, ಇದರ ಮ್ಯಾಲ ಸಂಜಿಗೆ ಗರಿಗರಿ. ಬಗ್ಗೂದೂ ಬ್ಯಾಡ, ನಡಾ ನೋಯೂದೂ ಬ್ಯಾಡ. ಇಷ್ಟ ದಿನ ಯಾಕ ಹೊಳೀಲಿಲ್ಲೋ ಏನೋ."

ಗಂಗಿ ಕೀಲಿ ತೋರಿಸಿದಳು. "ಅಜ್ಜಿ, ನಾ ಪಾಸಾದ್ನಿ. ಗಾಡಿ ಸರಸಾಕ ಬಂದೀನಿ."

"ಪಾಸಾದ್ಯಾ, ನನ್ನವ್ವಾ!" ಅಜ್ಜಿ ಎದ್ದು ಮೊಮ್ಮಗಳ ಕೆನ್ನೆ ಸವರಿ ಲಟಿಕೆ ಮುರಿದಳು. ಕಣ್ಣುಗಳು ಒದ್ದೆಯಾಗಿದ್ದವು. ಆಮೇಲೆ ಕೋಲನ್ನು ಅಡ್ಡ ಹಿಡಿದಳು. "ಆದ್ರ ಇದನ್ನ ಇಲ್ಲಿಂದ ಅಲುಗಾಡಿಸಬ್ಯಾಡ ನೋಡು! ಮಳಿ ಬರೂತನಾ ಇದು ಇಲ್ಲೇ ಇರ್ಲಿ."

ಗಂಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಾಕಾನ ಮುಖ ನೋಡಿದಾಗ ನಗುವೇ ಬಂತು.

"ಹಂಗಾರ ನಾ ಏನ ಮಾಡ್ಲಿ, ಅಜ್ಜಿ?"

"ಕಾಗಿ ಭಾಳ ಕಾಡಾಕತ್ತಾವು. ಕೋಲ ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹೋತು. ನೀ ಒಳಗ ಕುಂದ್ರು. ಬಂದ್ರ ಅದನ್ನ ಪೋಂ ಅನಸು."

ಹೀಗೆ, ಎಂಟರ ವ್ಯೂಹವನ್ನು ಭೇದಿಸಿದ, ಕ್ಲಚ್ಚಿನ ಗುಟ್ಟನ್ನು ಕಂಡುಕೊಂಡ, ಕೀಲೀ-ಕಟಿಸೂತ್ರ-ಮೋಚಿನಿಯಾದ ಗಂಗಾಂಬಿಕೆ ಸಾರಥಿಯ ಪೀಠವನ್ನು ಏರಿದಳು. ಇಂಜಿನ್ ಚಾಲೂ ಮಾಡಲಿಲ್ಲ, ಗೇರು ಮುಟ್ಟಲಿಲ್ಲ. ಪೊಟ್ಟಣ ಬಿಚ್ಚಿ ಮೊದಲ ಮಿರ್ಚಿಯನ್ನು ಕಚ್ಚಿದಳು. ಅಷ್ಟು ದಿನದ ವ್ರತವೆಲ್ಲ ಖಾರವಾಗಿ ಕಣ್ಣಲ್ಲಿ ನೀರು ತರಿಸಿತು. ಆಗಲೇ ಒಂದು ಕಾಗೆ ಬಾನೆಟ್ಟಿನ ಮೇಲೆ ಇಳಿಯಿತು. ಹಾರ್ನ್ ಮೊಳಗಿತು, ಶತ್ರು ಬೇವಿನ ಮರಕ್ಕೆ ಓಡಿತು.

"ಹಿಂದ ಇನ್ನೊಂದು ಬಂತು ನೋಡವಾ," ಎಂದಳು ಅಜ್ಜಿ.

ಗಂಗಿ ಕನ್ನಡಿಯಲ್ಲಿ ಹಿಂದೆ ನೋಡಿ, ದಾವಲಸಾಬ ಕಲಿಸಿದ ಹಾಗೆಯೇ, ಮತ್ತೊಮ್ಮೆ ಹಾರ್ನ್ ಒತ್ತಿದಳು.