ಎಲೆ ಅಗಿದ ದಿನದ ಚಹಾ

ಔಷಧದ ವಿಚಾರ ಓದಿಕೊಂಡವರು ಹೇಳಬೇಕಾದ ಕತೆ ಇದು. ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು. ಸುಮ್ಮನಿರೋಣವೆಂದು ಎಷ್ಟೋ ಸಲ ಅಂದುಕೊಂಡೆ, ಆಗಲಿಲ್ಲ.

ಔಷಧ ಸಂಶೋಧನಾ ಸಂಸ್ಥೆಯ ಉಗ್ರಾಣ ನೋಡಿಕೊಳ್ಳುವವರನ್ನು ಎಲ್ಲರೂ ಉಗ್ರಾಣದವರು ಎಂದೇ ಕರೆಯುತ್ತಿದ್ದರು. ಸಕ್ಕರೆ ಕಾಯಿಲೆ ಅಂಟಿಕೊಂಡ ದಿನದಿಂದ ಅವರಿಗೆ ಮನೆಯಲ್ಲಿ ಸಪ್ಪೆ ಚಹಾ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಒಂದೇ ಕಪ್ಪಿನಿಂದ ಸರದಿಯಂತೆ ಸಿಹಿ ಚಹಾ ಕುಡಿಯುತ್ತಿದ್ದರು. ಈಗ ಅವರ ಎದುರು ಸಿಹಿ ಕುಡಿಯಲಾರದೆ ಹೆಂಡತಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ಆ ಬೆನ್ನು ಕಂಡಾಗಲೆಲ್ಲ ಉಗ್ರಾಣದವರು ತಮ್ಮ ಕಪ್ಪು ಹಿಡಿದು ಜಗಲಿಗೆ ನಡೆಯುತ್ತಿದ್ದರು.

ಸಂಸ್ಥೆಯಲ್ಲಿ ಒಂದು ಬಳ್ಳಿಯ ಎಲೆಪುಡಿಯಿಂದ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ ಎಂದು ಪರೀಕ್ಷೆ ಶುರುವಾದಾಗ ಮೊದಲು ಹೆಸರು ಕೊಟ್ಟವರು ಅವರೇ. ಅರ್ಧ ಜನರ ಕ್ಯಾಪ್ಸೂಲಿನಲ್ಲಿ ಎಲೆಪುಡಿ, ಉಳಿದವರದರಲ್ಲಿ ಬರೀ ಹೊಟ್ಟು. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರಲಿಲ್ಲ.

ಕೊನೆಯ ರಕ್ತಪರೀಕ್ಷೆಯ ದಿನ ಬಂತು.

"ರಿಪೋರ್ಟ್ ಚೆನ್ನಾಗಿ ಬರ್ಲಿ. ಸಂಜೆ ಒಂದು ಕಪ್ ಸಕ್ಕರೆ ಹಾಕಿ ಮಾಡ್ತೀನಿ. ಇಬ್ಬರೂ ಕೂತು ಕುಡಿಯೋಣ" ಎಂದರು ಹೆಂಡತಿ.

ಉಗ್ರಾಣದವರು ಖುಷಿಗೆ ಕಾಲು ನೆಲಕ್ಕೆ ತಾಗದಂತೆ ಕೆಲಸಕ್ಕೆ ಹೋದರು. ರಕ್ತ ಕೊಡುವುದು ಮಧ್ಯಾಹ್ನ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಹುಳದ ಡಾಕ್ಟರಮ್ಮ ಓಡಿಬಂದರು. ಮಕ್ಕಳ ಜಂತುಹುಳಕ್ಕೆ ಕಹಿಬೀಜದ ಔಷಧ ಪರೀಕ್ಷಿಸುತ್ತಿದ್ದುದರಿಂದ ಆಕೆಗೆ ಆ ಹೆಸರು.

"ಉಗ್ರಾಣದವ್ರೇ, ಕೈ ಮುಗೀತೀನಿ, ಬನ್ನಿ. ದೊಡ್ಡವರು ಕುಡಿದು ತೋರಿಸಿದ್ರೇನೇ ಕುಡಿಯೋದು ಅಂತ ಮಕ್ಕಳ ಹಟ. ಬೆಳಗಿಂದ ಕುಡಿದು ಕುಡಿದು ನನ್ನ ಹೊಟ್ಟೇಲಿ ಹುಳ ಇದ್ದಿದ್ರೆ ಅದರ ವಂಶವೇ ನಿರ್ವಂಶ ಆಗಿರೋದು."

ಬೆಂಚಿನ ಮೇಲೆ ಮಕ್ಕಳು ಬಾಗಿಲು ಹಾಕಿದ ಅಂಗಡಿಗಳಂತೆ ತುಟಿ ಬಿಗಿದು ಕೂತಿದ್ದರು. ಉಗ್ರಾಣದವರು ಒಂದು ಚಮಚ ನುಂಗಿದರು.

"ನುಂಗಿದ್ದು ಕಾಣ್ಲಿಲ್ಲ ಅಜ್ಜ. ಇನ್ನೊಂದ್ಸಲ" ಎಂದಳು ಮುಂದಿನ ಹಲ್ಲು ಬಿದ್ದ ಹುಡುಗಿ.

ಎರಡನೆಯದಕ್ಕೆ ಬಾಯಿ ತೆರೆದೇ ನುಂಗಿದರು. ಕಹಿಯ ಬೆನ್ನಿಗೇ ನಾಲಗೆಯ ಮೇಲೆ ಏನೋ ಒಂದು, ಬಹುಕಾಲ ಕಾಣದ ನೆಂಟನಂತೆ ಬಂದು ತಬ್ಬಿಕೊಂಡಿತು.

"ಡಾಕ್ಟರಮ್ಮಾ, ಇದರಲ್ಲಿ ಏನೇನಿದೆ?"

"ಅರ್ಧಕ್ಕರ್ಧ ಸಕ್ಕರೆಪಾಕ. ಇಲ್ದಿದ್ರೆ ಯಾವ ಮಗು ಕುಡಿಯುತ್ತೆ ಹೇಳಿ?"

ಉಗ್ರಾಣದವರ ಜೀವ ಬಾಯಿಗೆ ಬಂತು. ಸುದ್ದಿ ಹಬ್ಬಲು ತಡವಾಗಲಿಲ್ಲ. "ಮೆಟ್ಟಿಲು ಹತ್ತಿ ಇಳೀರಿ, ಕರಗತ್ತೆ" ಎಂದರು ಟೈಪಿಸ್ಟ್. ಹತ್ತಿ ಇಳಿದರು. "ನೀರು ಕುಡೀರಿ, ತೊಳ್ಕೊಂಡು ಹೋಗತ್ತೆ" ಎಂದ ಕಾವಲುಗಾರ. ಹೊಟ್ಟೆ ಬಿಂದಿಗೆಯಾಗುವಂತೆ ಕುಡಿದರು.

ಮಾಲಿ ಮಾತ್ರ ನಕ್ಕ. "ಆ ಬಳ್ಳಿಯ ಹಸಿ ಎಲೆ ನಮ್ಮ ತೋಟದಲ್ಲೇ ಇರುವಾಗ ಇದೆಲ್ಲ ಯಾಕೆ ಯಜಮಾನ್ರೇ? ಅಗೀರಿ."

ಗಿಡಗಳ ಮರೆಯಲ್ಲಿ ನಿಂತು ಉಗ್ರಾಣದವರು ಮೇಕೆಯಂತೆ ಅಗಿದರು. ರಕ್ತ ಕೊಟ್ಟು ಬಂದ ಮೇಲೂ ಧೈರ್ಯ ಸಾಲದೆ ಸಂಜೆಯವರೆಗೂ ಅಗಿಯುತ್ತಲೇ ಇದ್ದರು.

ಮನೆಗೆ ಹೊರಡುವ ಹೊತ್ತಿಗೆ ಕ್ಯಾಪ್ಸೂಲಿನ ಡಾಕ್ಟರು ಕರೆದು ಬೆನ್ನು ತಟ್ಟಿದರು. "ಚೆನ್ನಾಗಿ ಇಳಿದಿದೆ ಕಣ್ರೀ."

ಉಗ್ರಾಣದವರು ಪಾಕ ಕುಡಿದದ್ದನ್ನು ಒಪ್ಪಿಕೊಂಡರು.

"ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಹೇಳೋ ಪರೀಕ್ಷೆ. ಇವತ್ತಿನ ಎರಡು ಚಮಚ ಇದಕ್ಕೆ ಯಾವ ಲೆಕ್ಕ?" ಎಂದ ಡಾಕ್ಟರು ಅವರ ತುಟಿ ನೋಡಿದರು. "ಏನು ಬಾಯೆಲ್ಲ ಹಸಿರು? ಎಲೆ ಅಗಿದ್ರಾ? ಸರಿಹೋಯ್ತು. ಅದು ತಾಗಿದ್ರೆ ಒಂದಷ್ಟು ಹೊತ್ತು ನಾಲಗೆಗೆ ಸಿಹಿಯೇ ತಿಳಿಯಲ್ಲ. ಸಕ್ಕರೆ ಮರಳು ತಿಂದ ಹಾಗಿರತ್ತೆ. ಅದಕ್ಕೇ ನಾವು ಕ್ಯಾಪ್ಸೂಲಿಗೆ ತುಂಬೋದು."

ಮನೆ ಸಂಸ್ಥೆಯ ಹಿಂದಿನ ಬೀದಿಯಲ್ಲೇ. ಉಗ್ರಾಣದವರು ಕಾಲೆಳೆಯುತ್ತ ನಡೆದರೂ ಬೇಗ ಬಂದೇಬಿಟ್ಟಿತು. ಟೈಪಿಸ್ಟ್ ಆಗಲೇ ಹೆಂಡತಿಗೆ ಫೋನಿನಲ್ಲಿ ರಿಪೋರ್ಟ್ ಒಪ್ಪಿಸಿಯಾಗಿತ್ತು. ಮೇಜಿನ ಮೇಲೆ ಒಂದೇ ಕಪ್ಪು, ಎದುರುಬದುರು ಎರಡು ಕುರ್ಚಿ.

"ಸ್ವಲ್ಪ ಹೊತ್ತು ಬಿಟ್ಟು ಕುಡಿಯೋಣ ಕಣೇ."

"ಇಷ್ಟು ವರ್ಷ ಬಿಟ್ಟದ್ದು ಸಾಲ್ದೇನ್ರೀ? ಆರಿಹೋಗತ್ತೆ."

ಕುಡಿದರು. ಉಗ್ರಾಣದವರ ಬಾಯಿಗೆ ಚಹಾದ ವಾಸನೆಯ ಬಿಸಿನೀರು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?"

"ಆಗಿನ ಹಾಗೇ ಇದೆ. ಅದೇ ಸಿಹಿ" ಎಂದರು. ಕಣ್ಣು ಒದ್ದೆಯಾಗಿದ್ದದ್ದು ಸುಳ್ಳಲ್ಲ.

ಹೆಂಡತಿ ಮೆಲ್ಲಗೆ ಕೂತರು. "ರೀ, ನಾನು ಸಕ್ಕರೆ ಹಾಕೇ ಇಲ್ಲ. ಚಮಚ ಎತ್ತಿದೆ, ಕೈ ಬರಲಿಲ್ಲ. ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?" ಆಮೇಲೆ ಮುಖ ಅರಳಿತು. "ಸಪ್ಪೇನೇ ಸಿಹಿ ಅನ್ನಿಸತ್ತೆ ಅಂದ್ರೆ ಇನ್ನೇನು ಬೇಕು? ಇನ್ನು ಜೀವಮಾನವೆಲ್ಲ ಇದನ್ನೇ ಮಾಡ್ತೀನಿ."

ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ದಾರಿ ಉಗ್ರಾಣದವರಿಗೆ ಕಾಣಲಿಲ್ಲ.

ಕ್ಯಾಪ್ಸೂಲಿನಲ್ಲಿ ಇದ್ದದ್ದು ಎಲೆಯೋ ಹೊಟ್ಟೋ ಇನ್ನೂ ಹೊರಬಿದ್ದಿಲ್ಲ. ಅಂದು ಹೆಂಡತಿ ಕಪ್ಪು ಎಳೆದುಕೊಂಡು ಉಳಿದದ್ದನ್ನು ಕಣ್ಣು ಮುಚ್ಚಿ, ಬಹಳ ನಿಧಾನವಾಗಿ ಕುಡಿದರಂತೆ. ಸಪ್ಪೆ ಚಹಾವನ್ನು ಯಾರೂ ಹಾಗೆ ಕುಡಿಯುವುದಿಲ್ಲ. ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ಹೇಳಬಲ್ಲ ನಾಲಗೆ ಆಕೆಯದೊಂದೇ. ಕೇಳುವ ಧೈರ್ಯ ಉಗ್ರಾಣದವರಿಗಾಗಲಿಲ್ಲ. ನನಗೂ ಗೊತ್ತಿಲ್ಲ.