ಗೋಧಿ ವ್ಯಾಗನ್ನು ಮತ್ತು ಹನ್ನೆರಡು ನುಸಿ

ಗೋಧಿ ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಅದನ್ನು ಚೀಲಕ್ಕೆ ತುಂಬಿ, ಚೀಲವನ್ನು ರೈಲು ವ್ಯಾಗನ್ನಿಗೆ ಏರಿಸಿ, ಆ ವ್ಯಾಗನ್ನಿನ ಮುಂದೆ ನನ್ನಂಥವನೊಬ್ಬನನ್ನು ನಿಲ್ಲಿಸಿದರೆ ಏನಾದರೊಂದು ಆಗಿಯೇ ಆಗುತ್ತದೆ. ಯಾಕೆ ಆಗುತ್ತದೆ ಅನ್ನುವುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಎಂಬತ್ತರ ದಶಕದಲ್ಲಿ ನಾನು ರಾಯಬಾಗದ ಕಡೆ, ಹಳಿಯ ಪಕ್ಕದ ಒಂದು ಗೋದಾಮಿನಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಕೆಲಸ ಹೇಳಲಿಕ್ಕೆ ಸುಲಭ. ವ್ಯಾಗನ್ ಬಂದು ನಿಲ್ಲುತ್ತದೆ. ಬಾಗಿಲು ತೆಗೆಸಿ ಒಳಗೆ ಹತ್ತಿ ಚೀಲಗಳಿಗೆ ಪರಖಿ ಚುಚ್ಚಬೇಕು. ಪರಖಿ ಅಂದರೆ ಮೊನಚು ತುದಿಯ ಒಂದು ಕಬ್ಬಿಣದ ಕೊಳವೆ. ಚುಚ್ಚಿದರೆ ಹಿಡಿಯಷ್ಟು ಕಾಳು ಅದರೊಳಗಿಂದ ಅಂಗೈಗೆ ಇಳಿಯುತ್ತದೆ. ಹೀಗೆ ಹತ್ತಾರು ಚೀಲದ ಕಾಳು ಕೂಡಿಸಿ, ಹಸಿ ಎಷ್ಟು, ಕಸ ಎಷ್ಟು, ಹುಳ ಎಷ್ಟು ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಅದರಲ್ಲೇ ಒಂದು ಪಾಲನ್ನು ನಮೂನೆಯೆಂದು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಅರಗಿನ ಮುದ್ರೆ ಒತ್ತಿ ಬೆಳಗಾವಿಗೆ ಕಳಿಸಬೇಕು. ಅಲ್ಲಿ ಮತ್ತೊಮ್ಮೆ ನೋಡುತ್ತಾರೆ. ಇಬ್ಬರದೂ ತಾಳೆಯಾಗಬೇಕು. ಆಗದಿದ್ದರೆ ತಪ್ಪು ಬೆಳಗಾವಿಯವರದಲ್ಲ.

ನಾನಿನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷ ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಅಂದಿದ್ದರು. ಇದರಿಂದ ಹೆಚ್ಚು ತೊಂದರೆಯಾದದ್ದು ಅಥಣಿಯಲ್ಲಿ. ಅಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ತಂದೆ, ಅಂದರೆ ನನಗೆ ಮಾವ ಆಗಬೇಕಾದವರು, ಕಾಯಂ ಆರ್ಡರು ಕೈಗೆ ಬಂದ ಮೇಲೆಯೇ ಮದುವೆಯ ಅಕ್ಕಿಕಾಳು ಅಂದುಬಿಟ್ಟಿದ್ದರು. ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಒಂದೇ ಸಾಲು: "ಕಾಯಂ ಆತೇನು?" ಕಾರ್ಡು ಆದ್ದರಿಂದ ಪೋಸ್ಟಮನ್ ಮೊದಲು ಓದುತ್ತಿದ್ದ. ದೂರದಿಂದಲೇ ಸೈಕಲ್ಲಿನ ಮೇಲಿಂದ ಕೂಗುತ್ತಿದ್ದ: "ಇನ್ನೂ ಕೇಳಾಕತ್ತಾರ್ರೀ."

ಬೇರೆಯವರ ವ್ಯಾಗನ್ನು

ಆಗ ನಮ್ಮ ಕಡೆ ಸಣ್ಣ ಹಳಿ. ಉತ್ತರದ ಗೋಧಿ ದೊಡ್ಡ ಹಳಿಯ ಮೇಲೆ ಮಿರಜಿಗೆ ಬಂದು, ಅಲ್ಲಿ ಇಳಿದು, ಸಣ್ಣ ಹಳಿಯ ವ್ಯಾಗನ್ ಹತ್ತಿ ನಮ್ಮಲ್ಲಿಗೆ ಬರುತ್ತಿತ್ತು. ಹಾಗಾಗಿ ಕಾಗದದಲ್ಲಿರುವ ನಂಬರೇ ಬೇರೆ, ಎದುರಿಗೆ ನಿಂತ ವ್ಯಾಗನ್ನಿನ ನಂಬರೇ ಬೇರೆ. ಮೊದಲ ವಾರವೇ ನಾನು ಕಾಗದ ನೋಡುತ್ತ, ವ್ಯಾಗನ್ ನೋಡುತ್ತ, ಮತ್ತೆ ಕಾಗದ ನೋಡುತ್ತ, ಕಡೆಗೆ ಬಾಗಿಲು ತೆರೆದಿದ್ದ ಒಂದು ವ್ಯಾಗನ್ ಹತ್ತಿದೆ. ಒಳಗೆ ಗೋಧಿಯೇ ಇತ್ತು. ಸಮಾಧಾನವಾಯಿತು. ನಾಲ್ಕು ಚೀಲ ಚುಚ್ಚುವುದರೊಳಗೆ ವ್ಯಾಗನ್ ಜಗ್ಗಿತು. ಆರನೆಯ ಚೀಲಕ್ಕೆ ಗೋದಾಮು ಹಿಂದಕ್ಕೆ ಹೋಗತೊಡಗಿತು.

ಬಾಗಿಲಿಗೆ ಬಂದು ಎರಡೂ ಕೈ ಎತ್ತಿ ಬೀಸಿದೆ. ನಮ್ಮ ಹಮಾಲರನ್ನು ನೋಡಿಕೊಳ್ಳುವ ಮುಕಾದಮ, ಸತ್ತಿ ಊರಿನ ಕಡೆಯ ಹಿರಿಯ, ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತು ತಾನೂ ಎರಡೂ ಕೈ ಬೀಸಿದ. ಸಾಹೇಬರು ರಜೆ ಮೇಲೆ ಊರಿಗೆ ಹೊರಟರು ಅಂದುಕೊಂಡನಂತೆ.

ಇಳಿಯುವ ಹಾಗಿರಲಿಲ್ಲ. ಸುಮ್ಮನೆ ಕೂರುವುದೇಕೆ ಎಂದು ಎಲ್ಲ ಚೀಲ ಚುಚ್ಚಿ ಮುಗಿಸಿದೆ. ಮುಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕೈಯಲ್ಲಿ ಪರಖಿ, ಮೈತುಂಬ ಗೋಧಿಯ ಧೂಳು. ಅಲ್ಲಿಯ ಗೋದಾಮಿನ ಕಾರಕೂನ ನನ್ನನ್ನು ಕೆಳಗಿಂದ ಮೇಲೆ ನೋಡಿ, "ಯಾರ್ರೀ ನೀವು?" ಅಂದ.

"ಮಾಲು ಪರೀಕ್ಷಾ ಮಾಡಾವ್ರಿ."

"ಅಯ್ಯ, ಬರ್ರಿ ಬರ್ರಿ. ನಮ್ಮ ಪರೀಕ್ಷಾದವರು ಆರಾಮಿಲ್ಲಂತ ಮಲಗ್ಯಾರ. ಯಾರನರ ಕಳಸ್ರಿ ಅಂತ ನಿನ್ನೆನ ಬರದಿದ್ವಿ. ಇಷ್ಟ ಲಗೂ ಕಳಸ್ತಾರಂತ ಗೊತ್ತಿದ್ದಿಲ್ಲ."

ಚಹಾ ಕುಡಿಸಿ, ಸಹಿ ಮಾಡಿಸಿಕೊಂಡು, ಬಸ್ಸಿಗೆ ಹತ್ತಿಸಿದರು. ವಾರದ ನಂತರ ಬೆಳಗಾವಿಯಿಂದ ಎರಡು ಪತ್ರ ಬಂದವು. ಒಂದರಲ್ಲಿ ನಮ್ಮ ವ್ಯಾಗನ್ ಬಿಟ್ಟು ಹೋದದ್ದಕ್ಕೆ ಕಾರಣ ಕೇಳಿದ್ದರು. ಇನ್ನೊಂದರಲ್ಲಿ ಕರೆದ ಕೂಡಲೇ ಹೋದದ್ದಕ್ಕೆ ಮೆಚ್ಚುಗೆ ತಿಳಿಸಿದ್ದರು. ಎರಡಕ್ಕೂ ಒಬ್ಬರೇ ಸಾಹೇಬರ ಸಹಿ.

ಹಲ್ಲಿನ ಯಂತ್ರ

ಕಾಳಿನಲ್ಲಿ ಹಸಿ ನೂರಕ್ಕೆ ಎಷ್ಟಿದೆ ಎಂದು ಹೇಳುವ ಯಂತ್ರ ನಮ್ಮಲ್ಲಿತ್ತು. ಒಂದೇ ಹಿಡಿ ಗೋಧಿಗೆ ಬೆಳಿಗ್ಗೆ ಒಂದು ಅಂಕಿ, ಊಟವಾದ ಮೇಲೆ ಇನ್ನೊಂದು ಅಂಕಿ ತೋರಿಸುತ್ತಿತ್ತು. ನಾನು ಅದರ ಮುಂದೆ ತಲೆ ಹಿಡಿದುಕೊಂಡು ಕೂತಿದ್ದನ್ನು ನೋಡಲಾರದೆ ಮುಕಾದಮ ಒಂದು ಕಾಳು ಬಾಯಿಗೆ ಹಾಕಿಕೊಂಡ. ಕಟ್ ಎಂದು ಸಪ್ಪಳವಾಯಿತು. "ಹನ್ನೊಂದ ಬರಕೋರಿ," ಅಂದ. ಬರೆದುಕೊಂಡೆ. ಬೆಳಗಾವಿಯಿಂದಲೂ ಹನ್ನೊಂದೇ ಬಂತು.

ಅಂದಿನಿಂದ ಯಂತ್ರದ ಮೇಲೆ ಟವೆಲ್ ಮುಚ್ಚಿಟ್ಟೆ. ಎಂಟು ತಿಂಗಳು ಆ ಮುದುಕನ ಬಲಗಡೆಯ ದವಡೆ ಹಲ್ಲು ಒಂದು ಸಲವೂ ತಪ್ಪಲಿಲ್ಲ. ಸಪ್ಪಳ ಗಟ್ಟಿಯಾಗಿ ಬಂದರೆ ಒಣ, ಮೆತ್ತಗೆ ಬಂದರೆ ಹಸಿ. ಅವನು ನಿಪ್ಪಾಣಿ ತಂಬಾಕನ್ನು ಯಾವಾಗಲೂ ಎಡಗಡೆಗೆ ಇಟ್ಟುಕೊಳ್ಳುತ್ತಿದ್ದ. ಬಲಗಡೆ ಸರ್ಕಾರದ ಕೆಲಸಕ್ಕೆ.

ಒಂದು ವಾರ ಏನಾಯಿತೋ, ಬಂದ ವ್ಯಾಗನ್ನಿಗೆಲ್ಲ ಅವನು "ಹಸಿ ಐತ್ರಿ, ಭಾಳ ಹಸಿ ಐತ್ರಿ" ಅನ್ನತೊಡಗಿದ. ಕಡುಬೇಸಿಗೆ, ಚೀಲ ಮುಟ್ಟಿದರೆ ಕೈ ಸುಡುತ್ತಿತ್ತು. ಅವನ ಮಾತು ಮೀರುವುದು ಹೇಗೆ? ಮೂರು ವ್ಯಾಗನ್ ಮಾಲು ಇಳಿಸದೆ ನಿಲ್ಲಿಸಿದೆ. ಬೆಳಗಾವಿಯ ಸಾಹೇಬರು ಸ್ವತಃ ಬಂದರು. ಎತ್ತರದ, ಮಿತಭಾಷಿ ಮನುಷ್ಯ. ಒಂದು ಹಿಡಿ ಗೋಧಿ ಮೇಲೆತ್ತಿ ತಗಡಿನ ಮೇಲೆ ಬಿಟ್ಟರು. ಗಣಗಣ ಅಂದಿತು.

"ಇದು ಹಸಿ ಅಂತ ಯಾವ ಯಂತ್ರ ಹೇಳೇತಿ? ಎಲ್ಲೈತಿ ಅದು, ತೋರಸ್ರಿ."

ನಾನು ಮುಕಾದಮನ ಕಡೆ ನೋಡಿದೆ. ಅವನು ಮುಂದೆ ಬಂದು, ಕೈಮುಗಿದು, ಬಾಯಿ ತೆರೆದು ಬಲಗಡೆಯ ಸಂದು ತೋರಿಸಿದ.

"ಇಲ್ಲೇ ಇತ್ರಿ ಸಾಹೇಬ್ರ. ಹೋದ ವಾರ ಮಿರಜದಾಗ ಕಿತ್ತ ಒಗದ್ರು."

ಹಳದಿ ಗೋಧಿ

ಇದು ಸಣ್ಣದು. ಒಂದು ದಿನ ನಮ್ಮ ಹಮಾಲರೆಲ್ಲ ಮಂಗಸೂಳಿಗೆ ಹೋಗಿ ಮಲ್ಲಯ್ಯನ ದರ್ಶನ ಮುಗಿಸಿ ನೇರವಾಗಿ ಕೆಲಸಕ್ಕೆ ಬಂದರು. ತಲೆ, ಮೈ, ಅಂಗಿ ಎಲ್ಲ ಭಂಡಾರದ ಅರಿಶಿನ. ವ್ಯಾಗನ್ನಿನ ಬಾಗಿಲಿಗೆ ಒಂದು ಹಿಡಿ ಹಾರಿಸಿದರು, ತಕ್ಕಡಿಗೆ ಒಂದು ಹಿಡಿ, ನನ್ನ ತಲೆಗೆ ಒಂದು ಹಿಡಿ. ನಮೂನೆಯ ತಟ್ಟೆಗೂ ಬಿದ್ದಿತ್ತೆಂದು ನನಗೆ ಗೊತ್ತಾದದ್ದು ಬೆಳಗಾವಿಯ ಪತ್ರ ಬಂದ ಮೇಲೆ: "ನಮೂನೆಯಲ್ಲಿ ಹಳದಿ ಪುಡಿ ಕಂಡುಬಂದಿದೆ. ಮೂಲ ತಿಳಿಸಿ."

"ಮೂಲ: ಮಂಗಸೂಳಿ" ಎಂದು ಬರೆದೆ.

"ಮಂಗಸೂಳಿಯಲ್ಲಿ ನಮ್ಮ ಗೋದಾಮು ಇಲ್ಲ. ಗೋಧಿ ಅಲ್ಲಿಗೆ ಹೇಗೆ ಹೋಯಿತು?"

"ಗೋಧಿ ಹೋಗಿಲ್ಲ. ಹಮಾಲರು ಹೋಗಿದ್ದರು."

"ಹಾಗಾದರೆ ಹಮಾಲರನ್ನು ಪರೀಕ್ಷಿಸಿ ವರದಿ ಕಳಿಸಿ."

ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. ಮುಕಾದಮ ನನ್ನ ಕೈಯಲ್ಲಿದ್ದ ಪರಖಿಯನ್ನು ನೋಡಿದ. ನಾಲ್ಕು ಹೆಜ್ಜೆ ಹಿಂದೆ ಸರಿದ. "ನಮಗ ಚುಚ್ಚಬ್ಯಾಡ್ರಿ ಸಾಹೇಬ್ರ," ಅಂದ.

ಹನ್ನೆರಡು

ಈ ಎಲ್ಲ ಕಾಗದ ನನ್ನ ಫೈಲಿನಲ್ಲಿ ಕೂಡುತ್ತ ಹೋಗಿ ಫೈಲು ದಪ್ಪವಾಗಿತ್ತು. ಎರಡು ವರ್ಷ ತುಂಬಲು ಬಂದಿತ್ತು. ಇನ್ನೊಂದು ಎಡವಟ್ಟಾದರೆ ಮನೆಗೆ ಹೋಗಬೇಕಾದೀತು ಎಂಬ ಹೆದರಿಕೆಯಲ್ಲಿ ಪ್ರತಿ ಕಾಳನ್ನೂ ತಿರುವಿ ನೋಡುತ್ತಿದ್ದೆ.

ನಾನು ಬಾಡಿಗೆಗಿದ್ದದ್ದು ಒಬ್ಬ ಜೈನ ಅಜ್ಜಿಯ ಮನೆಯಲ್ಲಿ. ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೊತ್ತು ಮುಳುಗುವ ಮೊದಲು ಊಟ. ಕುಡಿಯುವ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಅದೇ ಬಾವಿಗೆ ಮುಟ್ಟಿಸಿ ಬರುತ್ತಿದ್ದಳು. ಕಸ ಗುಡಿಸುವಾಗ ಇರುವೆಗಳಿಗೆ "ಸರೀರಿ, ಸರೀರಿ" ಅನ್ನುತ್ತಿದ್ದಳು. ನನಗೆ ಮಾತ್ರ ಏಕವಚನ.

ಒಂದು ದಿನ ಬಂದ ಗೋಧಿಯಲ್ಲಿ ನುಸಿ ಇದ್ದವು. ಸೊಂಡಿಲಿನ ಸಣ್ಣ ಕರಿ ಹುಳ. ಮೂರು ಸಲ ಎಣಿಸಿ "ಜೀವಂತ ಹುಳ: ಹನ್ನೆರಡು" ಎಂದು ರಿಜಿಸ್ಟರಿನಲ್ಲಿ ಬರೆದೆ. ಗೋದಾಮಿನಲ್ಲಿ ಅರಗು ಮುಗಿದಿತ್ತು. ನಮೂನೆಯ ಚೀಲವನ್ನು ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಆಯಿ ಇಣುಕಿ ನೋಡಿದಳು.

"ಇದ್ರಾಗ ಜೀವ ಅದಾವಲ್ಲೋ ತಮ್ಮಾ."

"ಹೌದ ಆಯಿ, ಹನ್ನೆರಡ ಅದಾವ."

"ಅವನ್ನ ಏನ ಮಾಡ್ತೀ?"

"ಚೀಲ ಹೊಲದು, ಅರಗು ಹಚ್ಚಿ, ಬೆಳಗಾವಿಗೆ ಕಳಸ್ತೀನಿ. ಅಲ್ಲಿ ಎಣಸ್ತಾರ."

"ಎಣಿಸಿದ ಮ್ಯಾಲ?"

"ಅದು ನನಗ ಗೊತ್ತಿಲ್ಲ."

ನಾನು ಪೇಟೆಗೆ ಹೋಗಿ ಅರಗು ತಂದು, ಚೀಲ ಹೊಲಿದು, ಮುದ್ರೆ ಒತ್ತಿ ಕಳಿಸಿದೆ.

ಹದಿನೈದು ದಿನಕ್ಕೆ ಪತ್ರ ಬಂತು. "ನಮೂನೆಯಲ್ಲಿ ಒಂದೂ ಹುಳ ಇಲ್ಲ. ನೀವು ಇಲ್ಲದ ಹುಳ ಬರೆದಿದ್ದೀರಿ, ಇಲ್ಲವೇ ನಮೂನೆ ಬದಲಿಸಿದ್ದೀರಿ. ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ಕಾಯಂ ಮಾಡುವ ವಿಷಯ ತಡೆಹಿಡಿಯಲಾಗಿದೆ." ಮೂರು ಸಲ ಎಣಿಸಿದ್ದೆ. ಹೊಲಿಗೆ ನನ್ನದೇ, ಮುದ್ರೆ ನನ್ನದೇ. ಹುಳ ಹೋದದ್ದೆಲ್ಲಿ? ಕೆಲವು ದಿನ, ಹನ್ನೆರಡು ಇದ್ದವೋ ಇಲ್ಲವೋ ಎಂದು ನನಗೇ ಸಂಶಯ ಬಂತು. ಮಾನ ಹೋಗುವ ಮಾತು, ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಅಥಣಿಯ ಕಾರ್ಡು ಬಂತು. ಪೋಸ್ಟಮನ್ ಈ ಸಲ ಕೂಗಲಿಲ್ಲ. ಸೈಕಲ್ ಇಳಿದು ಬಂದು ಕೈಯಲ್ಲಿಟ್ಟು ತಲೆ ತಗ್ಗಿಸಿದ. ಬೇರೆ ಕಡೆಯಿಂದ ಒಂದು ವರ ಕೇಳಿ ಬಂದಿದೆ, ಹುಡುಗಿ ಒಲ್ಲೆ ಅನ್ನುತ್ತಿದ್ದಾಳೆ, ಆದರೂ ಈ ತಿಂಗಳೊಳಗೆ ಏನೆಂದು ತಿಳಿಸುವುದು ಎಂದು ಬರೆದಿದ್ದರು. ಆ ದಿನ ನಾನು ಊಟ ಮಾಡಲಿಲ್ಲ.

ಅದೇ ವಾರ ಬೆಳಗಾವಿಯ ಸಾಹೇಬರು ವಿಚಾರಣೆಗೆ ಬಂದರು. ಗೋದಾಮು ನೋಡಿ, ರಿಜಿಸ್ಟರು ನೋಡಿ, ಕಡೆಗೆ ನಮೂನೆ ಎಲ್ಲಿಟ್ಟಿದ್ದಿರಿ ತೋರಿಸಿ ಎಂದು ಮನೆಗೇ ಬಂದರು. ಕಿಟಕಿ ತೋರಿಸಿದೆ. ಆಯಿ ಮಜ್ಜಿಗೆ ತಂದು ಕೊಟ್ಟು ಬಾಗಿಲಲ್ಲಿ ನಿಂತಳು.

"ಹಂಗಾದ್ರ ಹನ್ನೆರಡ ಹುಳ ಎಲ್ಲಿ ಹೋದೂ?" ಅಂದರು ಸಾಹೇಬರು.

"ಯಾವ ಹುಳರಿ, ಗೋಧಿಯವೇನು?" ಅಂದಳು ಆಯಿ. "ಅವು ನನ್ನ ಹತ್ರ ಅದಾವಲ್ಲ."

ಒಳಗೆ ಹೋಗಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ ಒಂದು ಹಿತ್ತಾಳೆ ಡಬ್ಬಿ ತಂದು ಸಾಹೇಬರ ಮುಂದಿಟ್ಟಳು. "ಈ ತಮ್ಮ ಚೀಲದ ಬಾಯಿ ಹೊಲದು ಮ್ಯಾಲ ಅರಗು ಸುರೀತೀನಿ ಅಂದ. ಉಸರ ಕಟ್ಟಿ ಸಾಯ್ತಾವಲ್ರಿ. ಅಂವ ಪ್ಯಾಟಿಗೆ ಹೋದಾಗ ಒಂದೊಂದ ಆರಿಸಿ ತಗದ ಇಟ್ಟೆ. ಹನ್ನೆರಡಕ್ಕ ಹನ್ನೆರಡೂ ಸಿಕ್ಕೂ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಸಾಹೇಬರು ಬಟ್ಟೆ ಬಿಚ್ಚಿ ನೋಡಿದರು. ಡಬ್ಬಿಯೊಳಗೆ ಗೋಧಿ ತಾನೇ ಹರಿದಾಡುತ್ತಿತ್ತು. ಮೆಲ್ಲಗೆ ಅಂದರು, "ಇವು ಹನ್ನೆರಡ ಅಲ್ಲ, ಆಯಿ."

"ಎರಡ ತಿಂಗಳಾತಲ್ರಿ. ಉಪಾಸ ಕೆಡವಬಾರದಂತ ಹೊಟ್ಟಿತುಂಬ ಗೋಧಿ ಹಾಕೀನಿ. ಸಂಸಾರ ಬೆಳದೈತಿ. ನಿಮ್ಮ ಹನ್ನೆರಡ ಯಾವು, ಅವುಗಳ ಮಕ್ಕಳು ಮೊಮ್ಮಕ್ಕಳು ಯಾವು ನನಗ ಗುರತ ಹತ್ತೂದಿಲ್ಲ. ಸರ್ಕಾರದವರು, ನೀವ ಆರಿಸ್ಕೋರಿ."

ಸಾಹೇಬರು ನಿಜವಾಗಿಯೂ ಎಣಿಸತೊಡಗಿದರು. ನಲವತ್ತರವರೆಗೆ ಬಂದಾಗ ಒಂದು ನುಸಿ ಅವರ ಅಂಗಿಯ ತೋಳಿಗೆ ಹತ್ತಿತು. ಅದನ್ನು ಹುಡುಕುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ. ಮೂರನೆಯ ಸಲ ಬಿಟ್ಟು, ಪೆನ್ನು ತೆಗೆದು, ಫೈಲಿನಲ್ಲಿ "ಹುಳಗಳು ಸುರಕ್ಷಿತವಾಗಿ ಸಿಕ್ಕಿವೆ" ಎಂದು ಬರೆದರು. ಬರೆದದ್ದನ್ನು ತಾವೇ ಎರಡು ಸಲ ಓದಿಕೊಂಡರು.

ಹೊರಡುವಾಗ ಆಯಿ ಡಬ್ಬಿಯನ್ನು ಅವರ ಕೈಯಲ್ಲಿಟ್ಟಳು. "ನಿಮ್ಮ ಮಾಲು, ನೀವ ಒಯ್ಯಿರಿ. ಆದ್ರ ಒಂದೂ ಸಾಯಬಾರದು. ನನ್ನ ಮ್ಯಾಲ ಆಣಿ ಇಡ್ರಿ."

ಅಷ್ಟು ದೊಡ್ಡ ಸಾಹೇಬರು ಆಯಿಯ ಮೇಲೆ ಆಣೆ ಇಟ್ಟು, ಜೀಪಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದರು.

ತಿಂಗಳು ತುಂಬುವ ಎರಡು ದಿನ ಮೊದಲು ಪೋಸ್ಟಮನ್ ಸೈಕಲ್ ಮೇಲಿಂದಲೇ ಲಕೋಟೆ ಬೀಸುತ್ತ ಬಂದ. ಮುಚ್ಚಿದ ಲಕೋಟೆಯನ್ನು ಅವನು ಹೇಗೆ ಓದಿದ್ದನೋ ನನಗೆ ಗೊತ್ತಿಲ್ಲ. ಕಾಯಂ ಆರ್ಡರು ಬಂದಿತ್ತು. ಅಥಣಿಗೆ ಕಾರ್ಡು ಹಾಕಿದೆ, ಒಂದೇ ಸಾಲು: "ಕಾಯಂ ಆತ್ರಿ." ಅಕ್ಕಿಕಾಳು ಆದವು. ಆಯಿ ಬಂದು, ಹಾಕುವ ಮೊದಲು ಅಕ್ಷತೆಯನ್ನು ಬೆಳಕಿಗೆ ಹಿಡಿದು ಆರಿಸಿ ನೋಡಿ, ಆಮೇಲೆ ಹಾಕಿದಳು.

ಮದುವೆಯ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಮೇಜಿನ ಮೇಲೆ ಬೆಳಗಾವಿಯ ಇನ್ನೊಂದು ಪತ್ರ ಕಾಯುತ್ತಿತ್ತು. ಕಾಯಂ ನೌಕರನಾಗಿ ನನಗೆ ಬಂದ ಮೊದಲ ಆದೇಶ, ಸಹಿ ಮಾತ್ರ ಸಾಹೇಬರ ಮೇಲಿನವರದು. "ಇಲ್ಲಿಯ ಪ್ರಯೋಗಶಾಲೆಯಲ್ಲಿರುವ ಎಲ್ಲ ಊರುಗಳ ನಮೂನೆಗಳಿಗೂ ಏಕಾಏಕಿ ನುಸಿ ಹತ್ತಿವೆ. ಸಾಹೇಬರು ಔಷಧ ಹೊಡೆಯಲು ಒಪ್ಪುತ್ತಿಲ್ಲ, ಕಾರಣ ಕೇಳಿದರೆ ಹೇಳುತ್ತಿಲ್ಲ. ನುಸಿಯ ವಿಷಯದಲ್ಲಿ ನಿಮಗೆ ಅನುಭವವಿದೆಯೆಂದು ತಿಳಿದಿದೆ. ಕೂಡಲೇ ಬಂದು ಮೂಲ ಪತ್ತೆಹಚ್ಚಿ ವರದಿ ಕೊಡಿ."

ಹೋದೆ. ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೇಜಿನ ಮೇಲೆ ಹಿತ್ತಾಳೆ ಡಬ್ಬಿ ಇತ್ತು. ಬಟ್ಟೆ ಬಿಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ನಾನು ಕೂತು, ಮೂಲ ಎಂಬ ಕಡೆ "ವಿಚಾರಣೆ ನಡೆದಿದೆ" ಎಂದು ಬರೆದೆ. ಕಾಯಂ ಆಗಿದ್ದೆನಲ್ಲ, ಅವಸರ ಏನಿತ್ತು? ನಾನು ನಿವೃತ್ತನಾಗುವವರೆಗೂ ಅದು ನಡೆದೇ ಇತ್ತು.